ಕ್ರೋಂಪೇಟೆಯ ನಕ್ಷತ್ರ, ಮೈಸೂರಿನ ಬಲ್ಬು

ಚೆನ್ನೈನ ವಿಮಾನ ನಿಲ್ದಾಣ ದಾಟಿ ತಾಂಬರಂ ಕಡೆಗೆ ಹೊರಟರೆ, ಪಲ್ಲಾವರಂ ಆದ ಮೇಲೆ ಕ್ರೋಂಪೇಟೆ ಸಿಗುತ್ತದೆ. ಈ ಊರಿಗೆ ಹೆಸರು ಬಂದದ್ದು ದೇವರಿಂದಲೂ ಅಲ್ಲ, ಪಾಳೆಯಗಾರನಿಂದಲೂ ಅಲ್ಲ, ಕ್ರೋಮಿಯಂ ಎಂಬ ಲೋಹದಿಂದ. ಕಳೆದ ಶತಮಾನದ ಆರಂಭದಲ್ಲಿ ಇಲ್ಲಿ ನೆಲೆಯೂರಿದ ಕ್ರೋಮ್ ಲೆದರ್ ಕಂಪನಿ ಊರಿಗೆ ತನ್ನ ಹೆಸರನ್ನೇ ಬಿಟ್ಟುಹೋಯಿತು.

ಅದಕ್ಕೆ ಮುಂಚೆ ಚರ್ಮ ಹದಮಾಡುವುದೆಂದರೆ ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುವ ಕೆಲಸ. ಕ್ರೋಮಿಯಂ ಲವಣ ಬಳಸಿದರೆ ಅದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತಿತ್ತು. ಮದರಾಸಿನಲ್ಲಿ ಈ ಪ್ರಯೋಗಗಳನ್ನು ಶುರುಮಾಡಿದವರು ಆಲ್ಫ್ರೆಡ್ ಚಾಟರ್‌ಟನ್. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದು, ಗಂಧದೆಣ್ಣೆಯ ಕಾರ್ಖಾನೆಗೆ ದಾರಿ ಮಾಡಿಕೊಟ್ಟವರೂ ಇವರೇ. ಹೊಸ ಹದ ಬೇಗ ಆಗುತ್ತಿತ್ತು, ಅಗ್ಗವಾಗಿತ್ತು, ಸರಕು ವಿದೇಶಕ್ಕೂ ಹೋಗುತ್ತಿತ್ತು. ಆದರೆ ಪಲ್ಲಾವರಂ–ಕ್ರೋಂಪೇಟೆ ಸೀಮೆಯಲ್ಲಿ ಹದಮಾಡುವ ಕಾರ್ಖಾನೆಗಳು ಹೆಚ್ಚಿದಂತೆ ಅವುಗಳ ನೀರು ನಾಗಲ್ಕೇಣಿಯಂಥ ಬಡಾವಣೆಗಳ ಅಂತರ್ಜಲಕ್ಕೆ ಇಳಿಯಿತು. ಉಳಿತಾಯ ಕಾರ್ಖಾನೆಯ ಲೆಕ್ಕದಲ್ಲಿ ಬಂತು, ಖರ್ಚು ಮಾತ್ರ ಯಾರದೋ ಬಾವಿಯಲ್ಲಿ ಬಿತ್ತು.

ಇದೇ ಊರಿನಲ್ಲಿ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರಗಳು ತೂಗುತ್ತವೆ. ಕೆಲವೇ ಸ್ಟೇಷನ್ ಆಚೆಗೆ, ಪೋರ್ಚುಗೀಸರು 1523ರಲ್ಲಿ ಚರ್ಚು ಕಟ್ಟಿದ ಸೇಂಟ್ ಥಾಮಸ್ ಮೌಂಟ್ ಇದೆ. ಹಾಗಾಗಿ ಹಬ್ಬ ಈ ಕಡೆಗೆ ಹೊಸದಲ್ಲ. ಹೊಸದಾಗಿ ಬಂದಿರುವುದು ನಕ್ಷತ್ರದೊಳಗಿನ ದೀಪ. ಬಿಸಿಯಾಗುವ ತಂತಿಯ ಬಲ್ಬು ಹೋಗಿ ತಣ್ಣನೆಯ ಎಲ್‌ಇಡಿ ಬಂದಿದೆ. ಇದರಿಂದ ಲಾಭವೆಷ್ಟು ಎಂಬ ಪ್ರಶ್ನೆಗೆ ವ್ಯಾಟಿನ ಲೆಕ್ಕವೊಂದೇ ಉತ್ತರವಲ್ಲ ಎಂಬುದನ್ನು ಕ್ರೋಂಪೇಟೆಯ ಹೆಸರೇ ನೆನಪಿಸುತ್ತದೆ.

ಕ್ರಿಸ್‌ಮಸ್ ಮರಕ್ಕೆ ವಿದ್ಯುತ್ ದೀಪ ಬಂದದ್ದು 1882ರಲ್ಲಿ. ಅಲ್ಲಿಯವರೆಗೆ ಯೂರೋಪು, ಅಮೆರಿಕದ ಮನೆಗಳಲ್ಲಿ ಒಣಗುತ್ತಿರುವ ಮರದ ಕೊಂಬೆಗೆ ಉರಿಯುವ ಮೇಣದ ಬತ್ತಿ ಸಿಕ್ಕಿಸಿ, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು ಹಬ್ಬ ಮಾಡುತ್ತಿದ್ದರು. ಥಾಮಸ್ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಕಟ್ಟಿ ಜನರಿಗೆ ತೋರಿಸಿದ. ಮನೆಯಲ್ಲೇ ವಿದ್ಯುತ್ ಇದ್ದ ಸಿರಿವಂತರಿಗಷ್ಟೇ ನಿಲುಕುವ ವೈಭವ ಅದು.

ನಮ್ಮ ಕಡೆಗೂ ವಿದ್ಯುತ್ತು ತಡವಾಗಿಯೇನೂ ಬರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಬೆಳಗಿತು. ಮದರಾಸ್ ಬೀಚ್‌ನಿಂದ ತಾಂಬರಂವರೆಗೆ, ಈಗ ಕ್ರೋಂಪೇಟೆಯಲ್ಲೂ ನಿಲ್ಲುವ ಹಾದಿಯಲ್ಲಿ, 1931ರ ಮೇ 11ರಿಂದ ವಿದ್ಯುತ್ ರೈಲು ಓಡಿತು. ಆದರೆ ರೈಲು ಓಡಿಸುವ ವಿದ್ಯುತ್ತು ಹಳಿಯ ಪಕ್ಕದ ಮನೆಗಳಿಗೆಲ್ಲ ಬಂತೆಂದು ಅರ್ಥವಲ್ಲ. ವಿದ್ಯುತ್ತು ಬಂದ ಮೇಲೂ ಅದನ್ನು ಅಲಂಕಾರಕ್ಕೆ ಸುರಿಯುವ ಧೈರ್ಯ ಸಾಮಾನ್ಯ ಮನೆಗೆ ಇರಲಿಲ್ಲ. ಬಿದಿರಿನ ಕಡ್ಡಿ, ಬಣ್ಣದ ಕಾಗದದ ನಕ್ಷತ್ರಕ್ಕೆ ಒಳಗೊಂದು ಬಲ್ಬು. ಹಬ್ಬದ ಬೆಳಕೆಂದರೆ ಅಷ್ಟೇ.

ಆ ಮೇಲೆ ಬಂದದ್ದು ಸೀರಿಯಲ್ ಸೆಟ್. ಮಂಗಳೂರಿನ ಗೋದಲಿಯಿಂದ ಹಿಡಿದು ಮದುವೆಮನೆ, ಗಣಪತಿ ಪೆಂಡಾಲಿನವರೆಗೆ ಎಲ್ಲ ಕಡೆ ಮಿನುಗಿದ್ದು ಅದೇ. ಅದರ ತಂತ್ರ ಸರಳ. 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ಚಿಕ್ಕ ಬಲ್ಬಿಗೆ ಕೊಟ್ಟರೆ ಅದು ಸುಟ್ಟುಹೋಗುತ್ತದೆ. 6 ವೋಲ್ಟಿನ ಸುಮಾರು 38 ಬಲ್ಬುಗಳನ್ನು ಒಂದರ ಹಿಂದೆ ಒಂದು ಕೋದರೆ ವೋಲ್ಟೇಜು ಅವುಗಳಲ್ಲೇ ಹಂಚಿಹೋಗುತ್ತದೆ. ತೊಂದರೆಯಿದ್ದದ್ದೂ ಅದರಲ್ಲೇ. ಒಂದು ಬಲ್ಬು ಕೆಟ್ಟರೆ ಇಡೀ ಸರ ಕತ್ತಲು. ಹಬ್ಬದ ಹಿಂದಿನ ರಾತ್ರಿ ನೆಲದ ಮೇಲೆ ಸರ ಹರವಿಕೊಂಡು, ಕೆಟ್ಟದ್ದನ್ನು ಹುಡುಕಿ, ಅದನ್ನು ಕಿತ್ತು ತಂತಿ ಸೇರಿಸುವುದು ಒಂದು ತಲೆಮಾರಿನ ಹುಡುಗರ ಮೊದಲ ವಿದ್ಯುತ್ ಪಾಠವಾಗಿತ್ತು. ಬಲ್ಬು ಕಡಿಮೆಯಾದಷ್ಟೂ ಉಳಿದವುಗಳ ಮೇಲೆ ವೋಲ್ಟೇಜು ಏರಿ ಅವೂ ಬೇಗ ಹೋಗುತ್ತಿದ್ದವು. ಜೊತೆಗೆ ಬಿಸಿ ಬೇರೆ. ತಂತಿಯ ಬಲ್ಬು ನುಂಗುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಬಣ್ಣ ಬೇಕೆಂದರೆ ಗಾಜಿಗೆ ಬಣ್ಣ ಬಳಿದು, ಉಳಿದ ಬೆಳಕಿನಲ್ಲೂ ಬಹುಪಾಲನ್ನು ತಡೆಯಬೇಕು.

ಎಲ್‌ಇಡಿಯ ದಾರಿಯೇ ಬೇರೆ. ಅಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕದ ಸಣ್ಣ ಚೂರಿನಲ್ಲಿ ವಿದ್ಯುತ್ತು ಹಾಯುವಾಗ ನೇರವಾಗಿ ಬೆಳಕು ಹುಟ್ಟುತ್ತದೆ, ಬಣ್ಣವೂ ಆ ಚೂರಿನ ಗುಣದಿಂದಲೇ ಬರುತ್ತದೆ. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಬಹಳ ವರ್ಷ ಅದರ ಕೆಲಸ ಯಂತ್ರ ಚಾಲೂ ಇದೆಯೇ ಎಂದು ತೋರಿಸುವುದಷ್ಟೇ ಆಗಿತ್ತು. ಭಾರತೀಯರೆಲ್ಲ ಕಂಡ ಅಂಥ ಒಂದು ಚುಕ್ಕಿ ಮತಯಂತ್ರದ ಗುಂಡಿಯ ಪಕ್ಕದ ಕೆಂಪು ದೀಪ. ಆ ಯಂತ್ರದ ಹಿಂದೆ ದುಡಿದವರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನ ರಂಗರಾಜನ್ ಒಬ್ಬರು. ತಮಿಳು ಓದುಗರು ಅವರನ್ನು ಬಲ್ಲದ್ದು ಸುಜಾತಾ ಎಂಬ ಹೆಸರಿನಿಂದ. ಅವರು ಎಲೆಕ್ಟ್ರಾನಿಕ್ಸ್ ಕಲಿತದ್ದು ಕ್ರೋಂಪೇಟೆಯಲ್ಲೇ, ಸಿ. ರಾಜಂ 1949ರಲ್ಲಿ ಕಟ್ಟಿದ, ಅಬ್ದುಲ್ ಕಲಾಂ ಕೂಡ ಓದಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ.

ಕೆಂಪು, ಹಸಿರು ಬಂದರೂ ಪ್ರಖರವಾದ ನೀಲಿ ಮಾತ್ರ ಸಿಗದೆ ಸತಾಯಿಸಿತು. ನೀಲಿಯಿಲ್ಲದೆ ಬಿಳಿಯೂ ಇಲ್ಲ. ಈಗಿನ ಬಿಳಿ ಎಲ್‌ಇಡಿ ಎಂದರೆ ನೀಲಿ ಬೆಳಕಿನ ಮೇಲೆ ಹಳದಿ ಸೂಸುವ ಪುಡಿಯ ಲೇಪ. ಜಪಾನಿನ ಅಕಸಾಕಿ, ಅಮಾನೊ, ನಕಾಮುರಾ ಅವರ ದುಡಿಮೆಯಿಂದ 1990ರ ದಶಕದಲ್ಲಿ ಆ ಗಂಟು ಬಿಚ್ಚಿಕೊಂಡಿತು. 2014ರ ಭೌತಶಾಸ್ತ್ರದ ನೊಬೆಲ್ ಆ ಮೂವರಿಗೆ ಸಂದಿತು. ಅದಕ್ಕೂ ಮುಂಚೆಯೇ, 2007ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಪ್ರಸಿದ್ಧ ಕ್ರಿಸ್‌ಮಸ್ ಮರ 30,000 ಎಲ್‌ಇಡಿಗಳಿಗೆ ಬದಲಾಯಿತು. ದಿನಕ್ಕೆ 3,510 ಯೂನಿಟ್ ಇದ್ದ ಬಳಕೆ 1,297ಕ್ಕೆ ಇಳಿಯಿತು.

ತಮಿಳುನಾಡಿನಲ್ಲಿ ವಿದ್ಯುತ್ತಿನ ಬೆಲೆಯನ್ನು ಎಲ್ಲರಿಗೂ ಮನಗಾಣಿಸಿದ್ದು 2012ರ ಲೋಡ್‌ಶೆಡ್ಡಿಂಗ್. ಚೆನ್ನೈಗೆ ದಿನಕ್ಕೆ 2 ಗಂಟೆ, ಒಳನಾಡಿನ ಜಿಲ್ಲೆಗಳಿಗೆ 10 ಗಂಟೆಗೂ ಮೀರಿ ಕತ್ತಲು. ಇನ್ವರ್ಟರ್ ಬ್ಯಾಟರಿಯಲ್ಲಿ ಫ್ಯಾನು ತಿರುಗಿಸುವುದೇ ದೊಡ್ಡದಾಗಿದ್ದಾಗ 40 ವ್ಯಾಟಿನ ನಕ್ಷತ್ರ ದಂಡವೆನಿಸುತ್ತಿತ್ತು, 5 ವ್ಯಾಟಿನದು ಅನಿಸುತ್ತಿರಲಿಲ್ಲ. ಆದರೆ ಆಗ ಎಲ್‌ಇಡಿ ಬಲ್ಬು ದುಬಾರಿ. 2015ರ ಆರಂಭದಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಗಿ ಸಗಟು ಖರೀದಿ ಹೆಚ್ಚಿದಂತೆ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2 ವರ್ಷ ಕಳೆಯುವಷ್ಟರಲ್ಲಿ 38 ರೂಪಾಯಿಗೆ ಬಂತು. ಕರ್ನಾಟಕದಲ್ಲಿ ಇದೇ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆ ಸೇರಿತು.

ಒಂದು ಮನೆಯ ಲೆಕ್ಕ ಹಾಕಿ ನೋಡಬಹುದು. 40 ವ್ಯಾಟಿನ ಬಲ್ಬಿನ ನಕ್ಷತ್ರ ದಿನಕ್ಕೆ 6 ಗಂಟೆಯಂತೆ 30 ರಾತ್ರಿ ಉರಿದರೆ 7.2 ಯೂನಿಟ್. 5 ವ್ಯಾಟಿನ ಎಲ್‌ಇಡಿಯಾದರೆ 0.9 ಯೂನಿಟ್. ಎಂಟರಲ್ಲಿ ಒಂದು ಪಾಲು! ತಮಿಳುನಾಡಿನಲ್ಲಿ 2016ರಿಂದ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತವಾಗಿರುವುದರಿಂದ, ಕಡಿಮೆ ಬಳಸುವವರ ಬಿಲ್ಲಿನಲ್ಲಿ ಈ ಉಳಿತಾಯ ಕಾಣದೆಯೂ ಇರಬಹುದು. ಆದರೂ ಅದು ನಿಜವಾದ ಉಳಿತಾಯ. ಸಂಜೆ ಎಲ್ಲರೂ ಸ್ವಿಚ್ ಒತ್ತುವ ಹೊತ್ತಿನಲ್ಲಿ ವಿದ್ಯುತ್ ಜಾಲದ ಮೇಲಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ದೀಪ ಅಗ್ಗವಾಯಿತು, ಬಿಸಿಯಾಗುವುದಿಲ್ಲ, ಬಿಲ್ಲೂ ಏರುವುದಿಲ್ಲ ಎಂದಾದ ಮೇಲೆ ಒಂದು ನಕ್ಷತ್ರಕ್ಕೆ ತೃಪ್ತಿಯಾಗುವವರು ಯಾರು? ಬಾಲ್ಕನಿಗೆ ನಾಲ್ಕು ಸರ, ಮೆಟ್ಟಿಲಿಗೆ ಎರಡು, ಗಿಡಗಳಿಗೆ ನಾಲ್ಕು. 5 ವ್ಯಾಟಿನ 10 ಸರಗಳು ಸಂಜೆಯಿಂದ ಬೆಳಗಿನವರೆಗೆ 12 ಗಂಟೆ, 30 ದಿನ ಉರಿದರೆ 18 ಯೂನಿಟ್. ಹಳೆಯ ‘ದುಂದುಗಾರ’ ಬಲ್ಬು ತಿಂದದ್ದರ ಎರಡೂವರೆ ಪಟ್ಟು. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಈ ಮಾತು ಹೇಳಿದ್ದ. ಯಂತ್ರ ಕಡಿಮೆ ಕಲ್ಲಿದ್ದಲು ಬೇಡಿದಷ್ಟೂ ಯಂತ್ರಗಳ ಸಂಖ್ಯೆ ಬೆಳೆದು ಒಟ್ಟು ಬಳಕೆ ಏರುತ್ತದೆ ಎಂಬುದು ಅವನ ವಾದ.

ಈ ಕತೆಯ ಎರಡೂ ಮುಖಗಳು ಒಟ್ಟಿಗೆ ಕಾಣುವುದು ಮೈಸೂರಿನಲ್ಲಿ. ದಸರೆಗೆ ಚೆಸ್ಕ್ ಮಾಡುವ ರಸ್ತೆ, ವೃತ್ತಗಳ ಎಲ್‌ಇಡಿ ಅಲಂಕಾರ ಇತ್ತೀಚಿನ ವರ್ಷಗಳಲ್ಲಿ 100 ಕಿಲೋಮೀಟರಿಗೂ ಮೀರಿ ಹಬ್ಬಿದೆ. ತಂತಿಯ ಬಲ್ಬಿನಲ್ಲಿ ಅಷ್ಟು ದೂರದ ಅಲಂಕಾರ ಊಹಿಸುವುದೂ ಕಷ್ಟ. ನಡುವೆ ಇರುವ ಅರಮನೆ ಮಾತ್ರ ಹಳೆಯ ಬಲ್ಬನ್ನು ಬಿಟ್ಟಿಲ್ಲ. 1897ರ ಬೆಂಕಿಯಲ್ಲಿ ಮರದ ಅರಮನೆ ಸುಟ್ಟ ಮೇಲೆ, ಮದರಾಸಿನ ಹೈಕೋರ್ಟ್ ಕಟ್ಟಡಕ್ಕೂ ದುಡಿದಿದ್ದ ಹೆನ್ರಿ ಇರ್ವಿನ್‌ರ ವಿನ್ಯಾಸದಲ್ಲಿ 1912ರಲ್ಲಿ ಮುಗಿದ ಕಟ್ಟಡವಿದು. ಅದರ ಅಂಚು, ಕಮಾನು, ಗೋಪುರಗಳನ್ನು ಗೆರೆ ಎಳೆದಂತೆ ತೋರಿಸುವುದು ಸುಮಾರು 97,000 ಬಲ್ಬುಗಳು. ಆ ಹೊಂಬಣ್ಣವೇ ಅರಮನೆಯ ಗುರುತು ಎಂದು ಜನ ಒಪ್ಪಿಕೊಂಡುಬಿಟ್ಟಿದ್ದಾರೆ.

ಹಾಗಾದರೆ ಅರಮನೆ ದುಂದು ಮಾಡುತ್ತಿದೆಯೇ? ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಆ ಬಲ್ಬುಗಳು ಬೆಳಗುವುದು ಮುಕ್ಕಾಲು ಗಂಟೆ. ಒಂದೊಂದು ಬಲ್ಬು 15 ವ್ಯಾಟ್ ಎಂದು ಹಿಡಿದರೆ ಒಂದು ಸಂಜೆಗೆ ಸುಮಾರು 1,090 ಯೂನಿಟ್. ಎಲ್‌ಇಡಿಗೆ ಬದಲಾದ ಮೇಲೂ ರಾಕ್‌ಫೆಲರ್ ಮರ ಒಂದು ದಿನಕ್ಕೆ ಬಳಸುತ್ತಿದ್ದುದು ಅದಕ್ಕಿಂತ ಹೆಚ್ಚು. ಅಲ್ಲಿ ಉಳಿಸಿದ್ದು ದೀಪ, ಇಲ್ಲಿ ಉಳಿಸಿದ್ದು ಗಡಿಯಾರ. ದಸರೆಯ ರಾತ್ರಿಗಳ ಲೆಕ್ಕ ಬೇರೆ ಇರಬಹುದು. ಆದರೆ ವರ್ಷದ ಉಳಿದ ವಾರಗಳಲ್ಲಿ, ಬೆಳಕು ಆರುವ ಹೊತ್ತು ಗೊತ್ತಿರುವುದರಿಂದಲೇ ಜನ ಅದು ಹತ್ತುವ ಕ್ಷಣಕ್ಕೆ ಕಾದು ನಿಲ್ಲುತ್ತಾರೆ. ರಾತ್ರಿಯಿಡೀ ಮಿನುಗುವ ಸರಕ್ಕೆ ಕಾಯುವವರಿಲ್ಲ.

ಇನ್ನೊಂದು ಖರ್ಚು ಮೀಟರಿನಲ್ಲಿ ಕಾಣುವುದೇ ಇಲ್ಲ. ಹಳೆಯ ಸೀರಿಯಲ್ ಸೆಟ್ಟಿನ ಕೆಟ್ಟ ಬಲ್ಬನ್ನು ಹುಡುಕಿ ಕೀಳಬಹುದಿತ್ತು. ಈಗಿನ ಅಗ್ಗದ ಎಲ್‌ಇಡಿ ಸರದಲ್ಲಿ ಚುಕ್ಕಿಗಳನ್ನು ತಂತಿಗೇ ಬೆಸೆದು ಅಂಟು ಮೆತ್ತಿರುತ್ತಾರೆ, ಮಿನುಗಿಸುವ ಪೆಟ್ಟಿಗೆಯನ್ನೂ ಮುಚ್ಚಿಬಿಟ್ಟಿರುತ್ತಾರೆ. ಚೆನ್ನೈನ ರಿಚಿ ಸ್ಟ್ರೀಟಿನಲ್ಲಾಗಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ರಿಪೇರಿಗೆ ಕೇಳುವ ಹಣಕ್ಕೆ ಹೊಸದೇ ಸಿಗುತ್ತದೆ. ತಾಮ್ರ, ಪ್ಲಾಸ್ಟಿಕ್, ಅರೆವಾಹಕದ ಚೂರು ಎಲ್ಲ ಒಂದೇ ಗಂಟಾಗಿ ಜನವರಿಯಲ್ಲಿ ಕಸದ ಗಾಡಿ ಹತ್ತುತ್ತವೆ. ಚರ್ಮದ ಕಾರ್ಖಾನೆಗಳ ನೀರು ಹೋದ ದಾರಿಯೂ ಇದೇ: ತಯಾರಿಸಿದವರ ಕಣ್ಣಿಂದ ದೂರ, ಕೊಂಡವರ ಲೆಕ್ಕದಿಂದ ಹೊರಗೆ.

ಎಲ್‌ಇಡಿಗೆ ಬದಲಾದದ್ದು ತಪ್ಪೆಂದು ಇದರ ಅರ್ಥವಲ್ಲ. ಕಾಗದದ ನಕ್ಷತ್ರದೊಳಗೆ ಕಾದ ಗಾಜಿನ ಬಲ್ಬು ಇಡುವುದಕ್ಕಿಂತ ಎಲ್‌ಇಡಿ ಸುರಕ್ಷಿತ, ಅದು ಬೇಡುವ ವಿದ್ಯುತ್ತೂ ಎಷ್ಟೋ ಕಡಿಮೆ. ಇದಕ್ಕೆ ಹೊಸ ಸಾಮಾನೇ ಬೇಕೆಂದೂ ಇಲ್ಲ. ನಮ್ಮ ಮನೆಗಳ ಎರಡು ಕಡ್ಡಿಯ ಹೋಲ್ಡರಿಗೆ ಹಳೆಯ ಬಲ್ಬಿನಂತೆಯೇ ಎಲ್‌ಇಡಿ ಬಲ್ಬೂ ಕೂರುತ್ತದೆ. ಹೋದ ವರ್ಷದ ನಕ್ಷತ್ರ, ಹಳೆಯ ವೈರು, ಹಳೆಯ ಹೋಲ್ಡರ್, ಅದರಲ್ಲಿ ತುಸು ಹಳದಿ ಬೆಳಕಿನ 5 ವ್ಯಾಟಿನ ಬಲ್ಬು. ಮಲಗುವ ಮುನ್ನ ಸ್ವಿಚ್ ಆರಿಸಿದರಾಯಿತು. ಜನವರಿ 6ರ ಮೂರು ರಾಯರ ಹಬ್ಬ ಮುಗಿದ ಮೇಲೆ ನಕ್ಷತ್ರ ಮಡಚಿ ಅಟ್ಟ ಸೇರುತ್ತದೆ. ಬಲ್ಬು ಬಚ್ಚಲಮನೆಗೋ ಹಿತ್ತಿಲಿಗೋ ಹೋಗಿ ಮುಂದಿನ ಡಿಸೆಂಬರಿನವರೆಗೆ ಅಲ್ಲಿ ಬೆಳಕು ಕೊಡುತ್ತದೆ.