ಬಚ್ಚಲಿಗೊಂದು ನೆಲ, ನಡುಮನೆಗೊಂದು ನೆಲ

ಮಲ್ಲೇಶ್ವರದ ದೊಡ್ಡಮ್ಮ, ಚಾಮರಾಜಪೇಟೆ ಅತ್ತಿಗೆ, ನಮ್ಮ ಎದುರುಮನೆಯವರು, ಮೂರು ಜನಾನೂ ಕೇಳಿರೋದು ಒಂದೇ ಪ್ರಶ್ನೆ. "ಈಗ ರಬ್ಬರ್ ಟೈಲ್ಸ್ ಅಂತ ಹೊಸದಾಗಿ ಬಂದಿದ್ಯಂತಲ್ಲ, ಮನೆಗೆ ಹಾಕಿಸ್ಬಹುದೇನೇ?" ಕಾರಣವೂ ಮೂರು ಮನೇಲೂ ಒಂದೇ. ವಯಸ್ಸಾದವರಿದ್ದಾರೆ, ನೆಲ ಜಾರುತ್ತೆ. ಒಂದ್ಸಲ ಸೊಂಟದ ಮೂಳೆ ಮುರಿದ್ರೆ ಆಮೇಲಿನ ಬಾಳು ಹೇಗಿರುತ್ತೆ ಅಂತ ನಮ್ಮಲ್ಲಿ ನೋಡದ ಮನೆಯೇ ಇಲ್ಲ.

ಹಾಕಿಸಿ, ಬೇಡ ಅಂತ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ. ಯಾವ ಜಾಗಕ್ಕೆ, ಕೆಳಗೆ ಯಾವ ನೆಲ ಇದೆ ಅಂತ ಮೊದಲು ನೋಡ್ಬೇಕು. ಅದಕ್ಕೆ ನಮ್ಮ ಪೇಟೆ ಮನೆಗಳ ನೆಲದ ಕಥೆ ಸ್ವಲ್ಪ ಗೊತ್ತಿರಬೇಕು. ಸಾವಕಾಶವಾಗಿ ಓದಿ, ಕುಕ್ಕರ್ ಕೂಗೋ ಹೊತ್ತಿಗೆ ಮುಗಿಯುತ್ತೆ.

ತರಗು ಅಂದ್ರೆ ದಳ್ಳಾಳಿತನ, ದವಸದ ವ್ಯಾಪಾರದಲ್ಲಿ ಮಧ್ಯದವರಿಗೆ ಸಿಗೋ ಕಮಿಷನ್ನು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗಿಂದ ಇಲ್ಲಿ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಹಾಗೇ ನಮ್ಮದು ತರಗುಪೇಟೆ. ಕೆಳಗೆ ಮಂಡಿ, ಹಿಂದುಗಡೆನೋ ಮಹಡಿ ಮೇಲೋ ಮನೆ. ಮಂಡಿಗೆ ಕಲ್ಲುಚಪ್ಪಡಿ ನೆಲ, ಯಾಕಂದ್ರೆ ಮೂಟೆ ಎತ್ತಿ ಧೊಪ್ಪಂತ ಹಾಕೋ ಏಟಿಗೆ ಬೇರೆ ಯಾವ ನೆಲವೂ ತಡೆಯಲ್ಲ. ನಮ್ಮೂರು ನಿಂತಿರೋದೇ ಬಂಡೆ ಮೇಲೆ. ಸುತ್ತಮುತ್ತ ಬೇಕಾದಷ್ಟು ಕಲ್ಲು ಸಿಗ್ತಿತ್ತು.

ಮಹಡಿ ನೆಲದ ವಿಷಯ ಬೇರೆ. ಅದರ ಕೆಳಗಿರೋದು ಮದ್ರಾಸ್ ತಾರಸಿ. ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ಸಣ್ಣ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಮಕ್ಕಳು ಕುಣಿದ್ರೆ ಕೆಳಗೆ ಮಂಡಿಯವರ ಲೆಕ್ಕದ ಪುಸ್ತಕದ ಮೇಲೆ ಸುಣ್ಣದ ಪುಡಿ ಉದುರ್ತಿತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ತೂಕದ ಲೆಕ್ಕ ಬರುತ್ತೆ.

ಒಂದೇ ಮನೆಯೊಳಗೆ ಎಷ್ಟು ಥರದ ನೆಲ ಇರ್ತಿತ್ತು ಅಂತ ಯೋಚನೆ ಮಾಡಿದೀರಾ? ಹಿತ್ತಲಿಗೆ ಮಣ್ಣು, ಅದರ ಮೇಲೆ ಸಗಣಿ ಸಾರಿಸೋದು. ಹೊಸಲಿನಾಚೆ ರಂಗೋಲಿಗೆ ಅಂತ ಒಂದು ಚಪ್ಪಡಿ. ನಡುಮನೆಗೆ ನುಣುಪಾದ ಗಾರೆ, ಅಲ್ಲೇ ಎಲೆ ಹಾಕೋದು, ಅಲ್ಲೇ ಚಾಪೆ ಬಿಡಿಸೋದು. ಬಚ್ಚಲಿಗೆ ಮಾತ್ರ ಬೇಕಂತಲೇ ಒರಟು ಕಲ್ಲು. ಕಲ್ಲುಕುಟಿಗ ಉಳಿಯಿಂದ ಚುಕ್ಕೆ ಚುಕ್ಕೆ ಏಟು ಹಾಕಿ ಕೊಡೋನು. ಸೀಗೆಪುಡಿ, ಎಣ್ಣೆ, ಹಂಡೆ ನೀರು ಎಲ್ಲಾ ಒಟ್ಟಿಗೆ ಚೆಲ್ಲಿದ್ರೂ ಪಾದ ಕಚ್ಚಿ ನಿಲ್ತಿತ್ತು. ಸವೆದು ನುಣುಪಾದ್ರೆ ಒರಳುಕಲ್ಲು ಕುಟ್ಟೋರು ಬೀದೀಲಿ ಕೂಗ್ಕೊಂಡು ಬಂದಾಗ ಬಚ್ಚಲ ಕಲ್ಲಿಗೂ ನಾಲ್ಕು ಏಟು ಹಾಕಿಸ್ಕೊಳ್ಳೋದು. ಯಾರೂ ಇದನ್ನ ವಿಜ್ಞಾನ ಅಂತ ಕರೀಲಿಲ್ಲ. ಆದ್ರೆ ಒದ್ದೆ ಜಾಗಕ್ಕೆ ಒಂದು ನೆಲ, ಒಣ ಜಾಗಕ್ಕೆ ಇನ್ನೊಂದು ಅನ್ನೋದು ಕಟ್ಟೋರಿಗೂ ಗೊತ್ತಿತ್ತು, ಗುಡಿಸೋರಿಗೂ ಗೊತ್ತಿತ್ತು.

ಆಮೇಲೆ 1898ರಲ್ಲಿ ಪ್ಲೇಗು ಬಂತು. ಪೇಟೆಯೊಳಗೆ ಇಕ್ಕಟ್ಟು ಮನೆಗಳು, ದವಸ, ದವಸಕ್ಕೆ ಇಲಿ. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಅನ್ನೋ ಫ್ರೆಂಚ್ ಡಾಕ್ಟರು ಇಲಿ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತೆ ಅಂತ ಕಂಡುಹಿಡಿದರು, ಜನ ನಂಬೋದಕ್ಕೆ ಮಾತ್ರ ವರ್ಷಗಳೇ ಹಿಡಿದ್ವು. ಮಣ್ಣಿನ ನೆಲದಲ್ಲಿ ಇಲಿ ಬಿಲ ತೋಡೋದು ಸುಲಭ, ಗಾರೆ ನೆಲದಲ್ಲಿ ಕಷ್ಟ. ಚಾಮರಾಜಪೇಟೆ ಅದಕ್ಕೆ ಮುಂಚೆ, 1892ರಲ್ಲೇ ಆಗಿತ್ತು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬೆಳೆದ್ವು, ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಲ್ಲಾ ಇಟ್ಕೊಂಡು. ಪೇಟೆಯಿಂದ ಎಷ್ಟೋ ಕುಟುಂಬಗಳು ಆ ಕಡೆ ಹೊರಟವು. ನಮ್ಮ ನೆಂಟರಲ್ಲಿ ಅರ್ಧ ಜನ ಈ ಮೂರು ಬಡಾವಣೆಗಳಲ್ಲಿ ಹರಡಿಕೊಂಡಿರೋದು ಸುಮ್ನೆ ಅಲ್ಲ.

ಆ ಬಡಾವಣೆಗಳ ಗುರುತೇ ಕೆಂಪು ನೆಲ. ಮೊದಮೊದಲು ಸುಣ್ಣದ ಗಾರೆ. ಪೋರಬಂದರಿನಲ್ಲಿ 1914ರಲ್ಲಿ ಸಿಮೆಂಟ್ ತಯಾರಿಕೆ ಶುರುವಾಗಿ ದೇಶೀ ಸಿಮೆಂಟು ಸಿಗ್ತಾ ಹೋದ ಹಾಗೆ, ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸೋದು. ರೆಡ್ ಆಕ್ಸೈಡ್ ಅಂದ್ರೆ ಬೇರೇನಿಲ್ಲ, ಕಬ್ಬಿಣದ ತುಕ್ಕಿನ ಜಾತಿಯದೇ ಬಣ್ಣ. ಒಂದು ಕೋಣೆ ನೆಲವನ್ನ ಒಂದೇ ಸಲಕ್ಕೆ ಹಾಕಬೇಕು, ಮಧ್ಯೆ ನಿಲ್ಲಿಸಿದ್ರೆ ಗೀಟು ಕಾಣುತ್ತೆ. ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸೋ ಮೇಸ್ತ್ರಿಗಳು ಆಗ ಬೀದಿಗೊಬ್ಬರಿದ್ರು. ಆಮೇಲೆ ನೀರು ಕಟ್ಟಿ ದಿನಗಟ್ಟಲೆ ಹದ ಮಾಡೋದು, ಕೊಬ್ಬರಿ ಎಣ್ಣೆ ಬಟ್ಟೇಲಿ ಒರೆಸೋದು. ಐವತ್ತು ಅರವತ್ತು ವರ್ಷ ಮನೆ ಹೆಂಗಸರ ಪಾದ ಓಡಾಡಿ ಬರೋ ಹೊಳಪನ್ನ ಯಾವ ಅಂಗಡೀಲೂ ಕೊಳ್ಳಕ್ಕಾಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಇನ್ನೂ ಗಟ್ಟಿಯಾಗಿರೋ ಕೆಂಪು ನೆಲ ಒಡೆಸೋದು ಪಾಪದ ಕೆಲಸ.

ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲೇ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಬೊಂಬಾಯಿಯ ಭಾರತ್ ಟೈಲ್ಸಿನವರು 1922ರಿಂದ ಹೂಬಳ್ಳಿ ಚಿತ್ತಾರದ ಸಿಮೆಂಟ್ ಟೈಲು ಮಾಡಿದ್ರು. ಆಮೇಲೆ ಮೊಸಾಯಿಕ್ಕು, ಗ್ರಾನೈಟು, ಕೊನೆಗೆ ವಿಟ್ರಿಫೈಡ್. ಇಲ್ಲೇ ನಮ್ಮ ಕಾಲು ಜಾರಿದ್ದು. ಹಾಲಿಗೂ ಅದೇ, ಅಡುಗೆಮನೆಗೂ ಅದೇ, ಬಾಲ್ಕನಿಗೂ ಅದೇ ಕನ್ನಡಿಯಂಥ ಟೈಲು. ಮನೆ ಪೂರ್ತಿ ಒಂದೇ ನೆಲ ಇದ್ರೆ ದೊಡ್ಡದಾಗಿ ಕಾಣುತ್ತೆ ಅಂತ ಕಂಟ್ರಾಕ್ಟರು ಹೇಳ್ತಾರೆ. ಕಾಣುತ್ತೆ, ಸುಳ್ಳಲ್ಲ. ಆದ್ರೆ ಒರಟು ಕಲ್ಲು ಹೋದ ಮೇಲೆ ಒದ್ದೆ ಪಾದಕ್ಕೆ ಆಧಾರ ಕೊಡೋರು ಯಾರು?

ಈಗ ಬರ್ತೀನಿ ರಬ್ಬರಿಗೆ. ಹೊಸದಾಗಿ ಬಂದಿರೋದು ಅಂತೀರಲ್ಲ, ಒಂದಕ್ಕೊಂದು ಕಚ್ಚಿಕೊಳ್ಳೋ ರಬ್ಬರ್ ಟೈಲನ್ನ ಅಮೆರಿಕದ ಫಿಲಡೆಲ್ಫಿಯಾದ ಫ್ರಾಂಕ್ ಫರ್ನೆಸ್ ಅನ್ನೋ ವಾಸ್ತುಶಿಲ್ಪಿ ಮಾಡಿದ್ದು 1894ರಲ್ಲಿ. ಅಂದ್ರೆ ನಮ್ಮೂರಿಗೆ ಪ್ಲೇಗು ಬರೋಕ್ಕೆ ನಾಲ್ಕು ವರ್ಷ ಮುಂಚೆ! ಸದ್ದಾಗಲ್ಲ, ಜಾರಲ್ಲ ಅನ್ನೋದೇ ಆಗಲೂ ಅದರ ಗುಣ. ಅದಕ್ಕೂ ಹಿಂದೆ, 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದ್ರೆ ಬಿಸಿಲಿಗೆ ಅಂಟಾಗಲ್ಲ, ಚಳಿಗೆ ಸೀಳಲ್ಲ ಅಂತ ಕಂಡುಕೊಂಡಿದ್ದ. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಬ್ರೆಜಿಲಿನಿಂದ ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ, ಅಲ್ಲಿಂದ ಸಸಿಗಳು ಸಿಲೋನಿಗೆ ಬಂದ್ವು. 1902ರಲ್ಲಿ ಕೇರಳದ ತಟ್ಟೇಕ್ಕಾಡಿನಲ್ಲಿ ರಬ್ಬರ್ ತೋಟ ಆಯ್ತು.

ನಮ್ಮ ರಾಜ್ಯದಲ್ಲಿ ರಬ್ಬರ್ ಅಂದ್ರೆ ಸುಳ್ಯ, ಪುತ್ತೂರು ಕಡೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಸಿಲೋನಿನಿಂದ ವಾಪಸ್ ಕಳಿಸಿದ ತಮಿಳು ಕುಟುಂಬಗಳಿಗೆ ಅಲ್ಲಿ ಸರ್ಕಾರದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ರು, ಈಗ ಅವು ಅರಣ್ಯ ಅಭಿವೃದ್ಧಿ ನಿಗಮದ ಕೈಲಿವೆ. ಬೆಳಕು ಹರಿಯೋಕ್ಕೆ ಮುಂಚೆ ಎದ್ದು, ಮರಕ್ಕೆ ಗೀರು ಹಾಕಿ, ಹಾಲು ಹಿಡಿಯೋರಲ್ಲಿ ಎಷ್ಟೋ ಜನ ಹೆಂಗಸರು. ಮರ ಬಂದಿದ್ದೂ ಸಿಲೋನಿನ ದಾರೀಲಿ, ಅವರು ಬಂದಿದ್ದೂ ಅದೇ ದಾರೀಲಿ. ಹಾಲು ಕರೆಯೋ ಮಾತು ಬಂತಲ್ಲ, ನಮಗಿಂತ ಮುಂಚೆ ರಬ್ಬರ್ ನೆಲದ ಸುಖ ಕಂಡಿರೋದು ಹಳ್ಳಿ ಹಸುಗಳು! ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕೋದು ಮಂಡ್ಯ, ಕೋಲಾರದ ಕಡೆ ಈಗ ಮಾಮೂಲು, ಮಂಡಿ ತರಚಲ್ಲ, ಜಾರಲ್ಲ ಅಂತ. ನಮಗೆ ರಬ್ಬರು ಮೊದಲು ಸಿಕ್ಕಿದ್ದು ನೆಲಕ್ಕಲ್ಲ, ಪಾದಕ್ಕೆ. ಮಂಡಿನೋವು ಅಂತ ಮನೆಯೊಳಗೇ ಹವಾಯಿ ಚಪ್ಪಲಿ ಹಾಕ್ಕೊಂಡು ಓಡಾಡೋ ನಾವೆಲ್ಲ ತಣ್ಣನೆ ನೆಲದ ಮೇಲೆ ರಬ್ಬರ್ ತುಂಡು ಹಾಸ್ಕೊಂಡೇ ನಡೀತಿದೀವಿ ಅಂದ್ಕೊಳ್ಳಿ.

ಈಗ ಅಂಗಡೀಲಿ ಸಿಗೋ ರಬ್ಬರ್ ಟೈಲಿನಲ್ಲಿ ಬಹಳಷ್ಟು ಹಳೇ ಟೈರು ಪುಡಿ ಮಾಡಿ ಅಂಟು ಹಾಕಿ ಅಚ್ಚೊತ್ತಿದ್ದು. ಅದು ಕಪ್ಪು, ಹೊಸದರಲ್ಲಿ ವಾಸನೆ. ಗಾಳಿ ಆಡದ ಮಲಗೋ ಕೋಣೆಗೆ ಬೇಡವೇ ಬೇಡ. ಮೇಲೆ ಬಣ್ಣದ ಇಪಿಡಿಎಂ ಪದರ ಇರೋದು ಬಿಸಿಲು ತಡೆಯುತ್ತೆ, ತಾರಸಿಗೆ ಅದೇ ಸರಿ. ಬರೀ ಟೈರ್ ಪುಡಿಯದು ಬಿಸಿಲಿಗೆ ಕಾಲಾಂತರದಲ್ಲಿ ಪುಡಿ ಪುಡಿ ಉದುರುತ್ತೆ, ಕಪ್ಪಾಗಿರೋದ್ರಿಂದ ಏಪ್ರಿಲ್‌ನಲ್ಲಿ ಹಪ್ಪಳ ಒಣಗಿಸೋಕೆ ಹೋದೋರ ಪಾದವೂ ಸುಡುತ್ತೆ. ಅಡುಗೆಮನೆಗೆ ಎಣ್ಣೆ ತಡೆಯೋ ನೈಟ್ರೈಲ್ ರಬ್ಬರಿನದೇ ಕೇಳಿ. ಮಾಮೂಲು ರಬ್ಬರು ಒಗ್ಗರಣೆ ಎಣ್ಣೆ ಕುಡಿದು ಊದ್ಕೊಳ್ಳುತ್ತೆ. ಒಲೆ ಮುಂದೆ, ಸಿಂಕ್ ಮುಂದೆ ಎರಡಡಿ ಅಗಲ ಹಾಕಿದ್ರೆ ಸಾಕು. ಬಚ್ಚಲಿಗೆ ತೂತಿರೋದು, ಅಡಿಯಲ್ಲಿ ಕಾಲುಗಳಿರೋದು, ನೀರು ಹರಿದು ಹೋಗಬೇಕು. ಬಚ್ಚಲ ಒರಟು ಕಲ್ಲಿನ ಕೆಲಸವನ್ನ ಈಗ ಇದು ಮಾಡುತ್ತೆ. ಮೊಮ್ಮಕ್ಕಳು ಆಡೋ ಜಾಗಕ್ಕೆ 20–25 ಮಿಲಿಮೀಟರ್ ದಪ್ಪ, ಮಿಕ್ಕ ಕಡೆ 8–10 ಸಾಕು. ದೇವರಮನೆಗೆ ಬೇಡ, ದೀಪದ ಎಣ್ಣೆ, ಕರ್ಪೂರ, ಕಿಡಿ, ಯಾವುದೂ ಆಗಿಬರಲ್ಲ. ಮೆಟ್ಟಿಲಿಗೆ ಟೈಲಿಗಿಂತ ಅಂಚಿಗೆ ಹಾಕೋ ರಬ್ಬರ್ ಪಟ್ಟಿ ವಾಸಿ.

ಪೇಟೆ ಮಹಡಿ ಮನೆಯವರು ತೂಕದ ಲೆಕ್ಕ ಇಲ್ಲಿ ಕೇಳಿ. ಮುಕ್ಕಾಲಿಂಚು ಗ್ರಾನೈಟು ಚದರಡಿಗೆ 4 ಕೆಜಿ ಮೇಲಿದೆ, ಅದರ ಕೆಳಗಿನ ಒಂದೂವರೆ ಇಂಚು ಗಾರೆ ಇನ್ನೊಂದು 7 ಕೆಜಿ. 10 ಮಿಲಿಮೀಟರ್ ರಬ್ಬರು ಚದರಡಿಗೆ ಹೆಚ್ಚುಕಮ್ಮಿ 1 ಕೆಜಿ. ನೂರು ವರ್ಷದ ಮರದ ತೊಲೆಗೆ ಯಾವುದು ಹಿತ ಅಂತ ನಾನು ಹೇಳ್ಬೇಕಾಗಿಲ್ಲ.

ನೆಲಮಾಳಿಗೆ ಮನೆಯವರಿಗೆ, ಅಂದ್ರೆ ಚಾಮರಾಜಪೇಟೆ ಅತ್ತಿಗೆಗೆ, ತೊಂದರೆ ತೂಕದ್ದಲ್ಲ, ತೇವದ್ದು. ಹಳೇ ಮನೆಗಳ ನೆಲದ ಕೆಳಗೆ ತೇವ ತಡೆಯೋ ಪದರ ಸಾಮಾನ್ಯವಾಗಿ ಇಲ್ಲ. ಗಾರೆ ಒಳಗಿನ ತೇವವನ್ನ ನಿಧಾನವಾಗಿ ಮೇಲೆ ಬಿಟ್ಟು ಉಸಿರಾಡುತ್ತೆ. ಅದರ ಮೇಲೆ ರಬ್ಬರನ್ನ ಅಂಟು ಹಾಕಿ ಮುಚ್ಚಿದ್ರೆ ಕೆಳಗೆ ಬೂಷ್ಟು ಹಿಡಿಯುತ್ತೆ. ಮುಂದೆ ಕೀಳೋಕೆ ಹೋದಾಗ ಅಂಟಿನ ಜೊತೆ ಕೆಂಪು ಮೇಲ್ಪದರವೂ ಕಿತ್ತು ಬರುತ್ತೆ. ಅಂಗಡಿಯವರು "ಅಂಟಿಸಿದ್ರೇನೇ ಗಟ್ಟಿ ಮೇಡಂ" ಅಂತಾರೆ, ಕೇಳ್ಬೇಡಿ. ಮೊದಲು ಎರಡಡಿ ಚೌಕ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ಎತ್ತಿ ನೋಡಿ. ಒಳಗೆ ಹನಿ ಕಟ್ಟಿದ್ರೆ ಆ ಕೋಣೆಗೆ ಪೂರ್ತಿ ರಬ್ಬರ್ ಬೇಡ. ಓಡಾಡೋ ದಾರಿಗೆ ಮಾತ್ರ ಬಿಡಿ ತುಂಡು ಹಾಕಿ, ಆಗಾಗ ಎತ್ತಿ ಆರಿಸಿ.

ಹನಿ ಇಲ್ಲದಿದ್ರೆ, ಕಚ್ಚಿಕೊಳ್ಳೋ ಟೈಲನ್ನೇ ಅಂಟಿಲ್ಲದೆ ಜೋಡಿಸಿ. ತಂದ ದಿನವೇ ಹಾಕಬೇಡಿ, ಒಂದೆರಡು ದಿನ ಅದೇ ಕೋಣೇಲಿ ಹರಡಿಟ್ರೆ ಮೈ ಬಿಟ್ಟು ಸರಿಹೋಗುತ್ತೆ. ಒಂದು ತುಂಡನ್ನ ಮಂಚದ ಕೆಳಗೋ ಮೂಲೇಲೋ ಹದಿನೈದು ದಿನ ಇಟ್ಟು, ನೆಲಕ್ಕೆ ಕಪ್ಪು ಕಲೆ ಬಿಡುತ್ತಾ ಅಂತಲೂ ನೋಡ್ಕೊಳ್ಳಿ. ಹಳೇ ಮನೇಲಿ ಯಾವ ಗೋಡೆಯೂ ನೆಟ್ಟಗಿರಲ್ಲ, ಅದಕ್ಕೆ ಕೋಣೆ ಮಧ್ಯಕ್ಕೆ ದಾರ ಹೊಡೆದು ಅಲ್ಲಿಂದ ಶುರು ಮಾಡಿ, ಗೋಡೆ ಕಡೆ ಬಂದಾಗ ಕತ್ತರಿಸಿ. ಸ್ಟೀಲ್ ಸ್ಕೇಲಿಟ್ಟು ಹೊಸ ಬ್ಲೇಡಿನ ಕಟ್ಟರಿನಲ್ಲಿ ಮೂರು ನಾಲ್ಕು ಸಲ ಗೀರಿದ್ರೆ ಸುಲಭವಾಗಿ ಬರುತ್ತೆ, ಒಂದೇ ಏಟಿಗೆ ಕತ್ತರಿಸೋಕೆ ಹೋಗಿ ಬೆರಳು ಕುಯ್ಕೋಬೇಡಿ. ಗೋಡೆಗೂ ಟೈಲಿಗೂ ಮಧ್ಯೆ ಕಾಲಿಂಚು ಜಾಗ ಬಿಡಿ, ಸೆಕೆಗೆ ಉಬ್ಬುತ್ತೆ. ಬಾಗಿಲ ಹತ್ತಿರ ಅಂಚು ಎತ್ತರವಾಗಿ ನಿಂತ್ರೆ ವಯಸ್ಸಾದವರು ಅದಕ್ಕೇ ಎಡವ್ತಾರೆ, ಇಳಿಜಾರು ಅಂಚಿನ ತುಂಡು ಸಿಗುತ್ತೆ, ಮರೀದೆ ಕೇಳಿ ತಗೊಳ್ಳಿ.

ಕಪ್ಪು ಫಿನಾಯಿಲ್ ಮಾತ್ರ ಮುಟ್ಟಿಸ್ಬೇಡಿ, ರಬ್ಬರ್ ಹಾಳಾಗುತ್ತೆ. ಸ್ವಲ್ಪ ಸೋಪಿನ ನೀರು ಸಾಕು. ವರ್ಷಕ್ಕೆ ಎರಡು ಸಲ, ಯುಗಾದಿಗೊಂದು, ಗೌರಿ ಹಬ್ಬಕ್ಕೊಂದು, ಪೂರ್ತಿ ಬಿಚ್ಚಿ ತಾರಸಿ ನೆರಳಲ್ಲಿ ಒಣಗಿಸಿ. ಆ ಎರಡು ದಿನ ಕೆಂಪು ನೆಲಕ್ಕೂ ಕೊಬ್ಬರಿ ಎಣ್ಣೆ ಬಟ್ಟೆ ಆಡಿಸಿ, ಒಣಬಟ್ಟೇಲಿ ಚೆನ್ನಾಗಿ ಒರೆಸಿ ತೆಗೀರಿ, ಎಣ್ಣೆ ಪಸೆ ಉಳಿದ್ರೆ ಮೇಲಿನ ರಬ್ಬರ್ ಊದ್ಕೊಳ್ಳುತ್ತೆ. ಜೋಡಿಸೋ ಮುಂಚೆ ಟೈಲುಗಳ ಬೆನ್ನಿಗೆ ಸೀಮೆಸುಣ್ಣದಲ್ಲಿ ನಂಬರ್ ಬರ್ಕೊಳ್ಳಿ, ಇಲ್ದಿದ್ರೆ ಗೋಡೆ ಪಕ್ಕದ ಕತ್ತರಿಸಿದ ತುಂಡು ಯಾವುದೆಲ್ಲಿಗೆ ಅಂತ ಹಬ್ಬದ ದಿನ ಹುಡುಕ್ತಾ ಕೂರಬೇಕಾಗುತ್ತೆ.