ಮದ್ರಾಸಿನ ಆಕಾಶದಲ್ಲಿ ತಪ್ಪು ನಕ್ಷತ್ರಗಳು: ಪತ್ತೆಯ ದೋಷಗಳ ಒಂದು ಚರಿತ್ರೆ

1872ರ ನವೆಂಬರ್ 27ರ ರಾತ್ರಿ ಯೂರೋಪಿನ ಆಕಾಶದಲ್ಲಿ ಉಲ್ಕೆಗಳ ಮಳೆ ಸುರಿಯಿತು. ಅದಾಗಲೇ ಒಡೆದುಹೋಗಿದ್ದ ಬೀಲಾ ಧೂಮಕೇತುವಿನ ಹಾದಿಯನ್ನು ಭೂಮಿ ಹಾಯುತ್ತಿತ್ತು. ಧೂಮಕೇತು ಭೂಮಿಯನ್ನು ಸವರಿ ದಕ್ಷಿಣಕ್ಕೆ ಸರಿದಿರಬೇಕೆಂದು ಊಹಿಸಿದ ಗಟ್ಟಿಂಗೆನ್ನಿನ ಕ್ಲಿಂಕರ್‌ಫ್ಯೂಸ್, ಥೀಟಾ ಸೆಂಟಾರಿ ನಕ್ಷತ್ರದ ಬಳಿ ಹುಡುಕುವಂತೆ ಮದ್ರಾಸಿಗೆ ತಂತಿ ಕಳಿಸಿದರು. ಅಲ್ಲಿನ ನುಂಗಂಬಾಕ್ಕಂ ವೀಕ್ಷಣಾಲಯದಲ್ಲಿದ್ದ ನಾರ್ಮನ್ ಪಾಗ್ಸನ್‌ಗೆ ಡಿಸೆಂಬರ್ 2 ಮತ್ತು 3ರಂದು ಆ ಭಾಗದಲ್ಲಿ ನಿಜಕ್ಕೂ ಒಂದು ಧೂಮಕೇತು ಸಿಕ್ಕಿತು. ಆಮೇಲೆ ಮೋಡ ಕವಿಯಿತು. ಅದು ಬೀಲಾ ಅಲ್ಲವೆಂದು ಮುಂದಿನ ಗಣಿತ ತೋರಿಸಿತು. ಎರಡೇ ರಾತ್ರಿಯ ಅಳತೆಯಿಂದ ಕಕ್ಷೆ ಕಟ್ಟಲಾಗದ್ದರಿಂದ ಆ ಧೂಮಕೇತು ಕಳೆದೇಹೋಯಿತು.

ಇಲ್ಲಿ ಕಣ್ಣು ಎಡವಲಿಲ್ಲ, ಹೊಂದಿಸಿದ್ದು ತಪ್ಪಾಯಿತು. ಕಂಪ್ಯೂಟರಿನಲ್ಲಿ ನಕ್ಷತ್ರ ಗುರುತಿಸುವ ತಂತ್ರಾಂಶ ಕೈಕೊಟ್ಟಾಗ ಎದುರಾಗುವ ಮೊದಲ ಪ್ರಶ್ನೆಯೂ ಇದೇ: ಇಲ್ಲದ್ದನ್ನು ಕಂಡಿದೆಯೋ, ಇದ್ದದ್ದನ್ನು ಬಿಟ್ಟಿದೆಯೋ, ಕಂಡದ್ದನ್ನೇ ಬೇರೆಯದಕ್ಕೆ ಜೋಡಿಸಿದೆಯೋ? ಇವನ್ನು ಬೇರ್ಪಡಿಸದೆ ಸೆಟ್ಟಿಂಗ್ ಬದಲಿಸುತ್ತ ಹೋದರೆ ಒಂದು ದೋಷ ಮರೆಯಾಗಿ ಇನ್ನೊಂದು ಹುಟ್ಟುತ್ತದೆ.

ಪಾಗ್ಸನ್ 1861ರ ಏಪ್ರಿಲ್ 17ರಂದು ಮದ್ರಾಸಿನಿಂದ ಪತ್ತೆ ಮಾಡಿದ ಕ್ಷುದ್ರಗ್ರಹಕ್ಕೆ 'ಏಷ್ಯಾ' ಎಂದೇ ಹೆಸರು. ಈ ಖಂಡದಿಂದ ದೊರೆತ ಮೊದಲನೆಯದು ಅದು. ಆಗ ಪತ್ತೆಯೆಂದರೆ ಕಣ್ಣಿನ ಕೆಲಸ: ನಕ್ಷೆಯಲ್ಲಿಲ್ಲದ ಚುಕ್ಕೆ ಕಂಡರೆ ಮತ್ತೆ ನೋಡಬೇಕು, ಜಾಗ ಬದಲಾಗಿದೆಯೇ ಎಂದು ಅಳೆಯಬೇಕು. ಅವರ ಸಹಾಯಕ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ 'ಆರ್ ರೆಟಿಕ್ಯುಲಿ' ಎಂಬ ಚಂಚಲ ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರಸಂಕ್ರಮಣದ ಬಗ್ಗೆ ಅವರು ಹೊರತಂದ ಪುಸ್ತಿಕೆ ಕನ್ನಡದಲ್ಲೂ ಇತ್ತು ಎಂಬುದನ್ನು ನಮ್ಮ ವಿಜ್ಞಾನ ಸಾಹಿತ್ಯದ ಚರಿತ್ರೆ ಇನ್ನಷ್ಟು ಅಕ್ಕರೆಯಿಂದ ನೆನೆಯಬೇಕು.

ಪಾಗ್ಸನ್ ತೀರಿಕೊಂಡ 1891ರಲ್ಲೇ, ಡಿಸೆಂಬರಿನಲ್ಲಿ, ಜರ್ಮನಿಯ ಮ್ಯಾಕ್ಸ್ ವುಲ್ಫ್ ಫೋಟೋ ತಟ್ಟೆಯ ಮೇಲೆ ಮೊದಲ ಬಾರಿಗೆ ಕ್ಷುದ್ರಗ್ರಹವೊಂದನ್ನು ಪತ್ತೆಹಚ್ಚಿದರು. ಕಣ್ಣಿನ ಯುಗ ಅಲ್ಲಿಗೆ ಮುಗಿಯುತ್ತ ಬಂತು. 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ 'ರಾಮಾನುಜನ್' ಕ್ಷುದ್ರಗ್ರಹವನ್ನು ಪತ್ತೆ ಮಾಡುವ ಹೊತ್ತಿಗೆ ಫೋಟೋ ತಟ್ಟೆಯ ಬದಲು ಸಿಸಿಡಿ ಎಂಬ ಎಲೆಕ್ಟ್ರಾನಿಕ್ ಕ್ಯಾಮೆರಾಗಳು ಬರತೊಡಗಿದ್ದವು. ಚಿತ್ರವೊಂದರಲ್ಲಿ ಸಾವಿರಾರು ಚುಕ್ಕೆಗಳು, ಕೈಯಿಂದ ಎಣಿಸುವಂತಿರಲಿಲ್ಲ.

ಎಮಾನುಯೆಲ್ ಬರ್ತಾಂ ಮತ್ತು ಸ್ಟೆಫಾನ್ ಆರ್ನೂ 1996ರಲ್ಲಿ ಪ್ರಕಟಿಸಿದ 'ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್' ತಂತ್ರಾಂಶ ಈ ಎಣಿಕೆಯನ್ನು ವಹಿಸಿಕೊಂಡಿತು. ಅದು ನಕ್ಷತ್ರಗಳಿಗೂ ಮೊದಲು ಆಕಾಶವನ್ನು ಅಳೆಯುತ್ತದೆ. ಚಿತ್ರವನ್ನು ಚೌಕಗಳಾಗಿ ಹೋಳು ಮಾಡಿ, ಒಂದೊಂದರ ಹಿನ್ನೆಲೆ ಬೆಳಕನ್ನೂ ಅದರ ಏರಿಳಿತವನ್ನೂ ಅಂದಾಜಿಸುತ್ತದೆ. ಆ ಏರಿಳಿತದ ಒಂದೂವರೆ ಪಟ್ಟು ಮೇಲೆ ಎದ್ದ, ಅಕ್ಕಪಕ್ಕದ ಕೆಲವು ಪಿಕ್ಸೆಲ್‌ಗಳ ಗುಂಪನ್ನು ಒಂದು ಕಾಯವೆಂದು ದಾಖಲಿಸುತ್ತದೆ. ಈ ಒಂದೂವರೆ ಎಂಬುದು ತಂತ್ರಾಂಶದ ಜೊತೆಗೇ ಬರುವ ಆರಂಭದ ಮೌಲ್ಯ. ಎಲ್ಲ ಚಿತ್ರಕ್ಕೂ ಅದೇ ಸಾಕೆಂದು ನಂಬುವುದರಿಂದಲೇ ಹೆಚ್ಚಿನ ತೊಂದರೆ.

ಚೆನ್ನೈನ ಕೈಗಾರಿಕಾ ಪ್ರದೇಶವಾದ ಅಂಬತ್ತೂರಿನ ಮಾಳಿಗೆಯೊಂದರಿಂದ ತೆಗೆದ ಚಿತ್ರವೆಂದುಕೊಳ್ಳಿ. ಊರಿನ ಬೆಳಕು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಚೌಕ ದೊಡ್ಡದಾದರೆ ಈ ಇಳಿಜಾರು ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಬೆಳಕಿನ ಬದಿಯಲ್ಲಿ ಸುಳ್ಳು ನಕ್ಷತ್ರಗಳು ಏಳುತ್ತವೆ. ಚೌಕ ಚಿಕ್ಕದಾದರೆ ಅಗಲವಾದ ಗೆಲಾಕ್ಸಿಯ ಬೆಳಕೇ ಹಿನ್ನೆಲೆಯೆಂದು ಕಳೆದುಹೋಗುತ್ತದೆ. ಲೆಕ್ಕ ಕಟ್ಟಿದ ಹಿನ್ನೆಲೆಯನ್ನೇ ಬೇರೆ ಚಿತ್ರವಾಗಿ ಬರೆಸಿ ನೋಡಿದರೆ ಗೊತ್ತಾಗುತ್ತದೆ: ಅದರಲ್ಲಿ ಗೆಲಾಕ್ಸಿಯ ಆಕಾರ ಮಸುಕಾಗಿ ಕಂಡರೆ ಚೌಕವನ್ನು ಹಿಗ್ಗಿಸಬೇಕು.

ಇನ್ನೊಂದು ನಷ್ಟವನ್ನು ಯಾವ ಸೆಟ್ಟಿಂಗೂ ತುಂಬಿಕೊಡದು. ಆಕಾಶ ನೂರು ಪಟ್ಟು ಬೆಳಗಿದರೆ ಅದರ ಏರಿಳಿತ ಹತ್ತು ಪಟ್ಟಾಗುತ್ತದೆ. ನೂರು ಪಟ್ಟು ಬೆಳಕೆಂದರೆ ಐದು ಕಾಂತಿಮಾನದ ಅಂತರ ಎಂಬ ಮಾಪನವನ್ನು ಕೊಟ್ಟವರು 1856ರಲ್ಲಿ ಪಾಗ್ಸನ್ ಅವರೇ. ಅದರಂತೆ ಹತ್ತು ಪಟ್ಟು ಎಂದರೆ ಎರಡೂವರೆ ಕಾಂತಿಮಾನ. ಕತ್ತಲ ಆಕಾಶದಲ್ಲಿ ಸಿಗುವ ಕೊನೆಯ ಎರಡೂವರೆ ಕಾಂತಿಮಾನದ ಮಂದ ನಕ್ಷತ್ರಗಳು ಊರಿನ ಚಿತ್ರದಿಂದ ಜಾರಿಹೋಗುತ್ತವೆ. ಕತ್ತಲ ಆಕಾಶವೂ ಒಂದು ಕಾರಣವಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ ದೂರದರ್ಶಕವಿಟ್ಟು ಹೊಸಕೋಟೆಯಿಂದ ಅದನ್ನು ನಡೆಸುತ್ತಿದೆ.

ಉಳಿದ ದೋಷಗಳಿಗೆ ಚಿತ್ರವನ್ನೇ ಸಾಕ್ಷಿ ಕೇಳಬಹುದು. ಹಿನ್ನೆಲೆ ಕಳೆದ ಚಿತ್ರದ ಬೆಳಕು ಕತ್ತಲನ್ನು ತಿರುವುಮುರುವು ಮಾಡಿ ಅದೇ ಸೆಟ್ಟಿಂಗಿನಲ್ಲಿ ಓಡಿಸಿದರೆ, ಅಲ್ಲಿ ಸಿಕ್ಕಿದ 'ನಕ್ಷತ್ರ'ಗಳು ಬಹುಪಾಲು ಏರಿಳಿತದ ಸೃಷ್ಟಿ. ಮೂಲ ಚಿತ್ರದಲ್ಲೂ ಹೆಚ್ಚುಕಡಿಮೆ ಅಷ್ಟೇ ಸುಳ್ಳು ಸೇರಿರುತ್ತದೆ. ಕಾಸ್ಮಿಕ್ ಕಿರಣದ ಗೆರೆ, ಸದಾ ಬೆಳಗುವ ಕೆಟ್ಟ ಪಿಕ್ಸೆಲ್ ಈ ಪರೀಕ್ಷೆಗೆ ಸಿಗುವುದಿಲ್ಲ. ಅವಕ್ಕೆ ಅದೇ ಜಾಗದ ಇನ್ನೊಂದು ಚಿತ್ರ ಬೇಕು, ಮೊದಲಿನದಕ್ಕಿಂತ ತುಸು ಸರಿಸಿ ತೆಗೆದದ್ದು.