ಕಿಟ್ಟೆಲ್ ಅಂದ್ರೆ ಅಂಗಿ!

ಕನ್ನಡಿಗರಿಗೆ ನಿಘಂಟು ಅಂದ್ರೆ ಕಿಟ್ಟೆಲ್, ಕಿಟ್ಟೆಲ್ ಅಂದ್ರೆ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70 ಸಾವಿರ ಪದಗಳ ಆ ಕೋಶ ಈ ಹೆಸರನ್ನು ಮನೆಮಾತು ಮಾಡಿತು. ಆದರೆ ಕಿಟ್ಟೆಲ್ ಅನ್ನೋ ಪದಕ್ಕೇ ಏನರ್ಥ? ಜರ್ಮನ್‌ನಲ್ಲಿ ಅದು ಕೆಲಸದ ಹೊತ್ತಲ್ಲಿ ಬಟ್ಟೆ ಮೇಲೆ ತೊಡುವ ಸಡಿಲ ನಿಲುವಂಗಿ. ಲ್ಯಾಬಿನವರು ಹಾಕೋ ಬಿಳಿ ಕೋಟನ್ನೂ ಅಲ್ಲಿ ಇವತ್ತಿಗೂ ಹಾಗೇ ಕರೀತಾರೆ. ಅಂಥ ಅಂಗಿ ಹೊಲಿಯುವವನಿಗೋ, ಸದಾ ಅದನ್ನೇ ತೊಟ್ಟು ಓಡಾಡುವವನಿಗೋ ಊರವರು ಕೊಟ್ಟ ಹೆಸರು ಮುಂದೆ ಮನೆತನದ ಹೆಸರಾಯಿತು.

ಮಧ್ಯಯುಗದಲ್ಲಿ ಪಟ್ಟಣಗಳು ಬೆಳೆದು, ಒಂದೇ ಬೀದಿಯಲ್ಲಿ ನಾಲ್ಕು ಜನ ಹಾನ್ಸ್ ಇದ್ದರೆ ಗುರುತು ಹಿಡಿಯೋದು ಹೇಗೆ? ಗಿರಣಿಯವನು ಮ್ಯುಲರ್ ಆದ, ಕಮ್ಮಾರ ಶ್ಮಿಟ್ ಆದ, ಸಿಂಪಿಗ ಶ್ನೈಡರ್ ಆದ. ನಮಗಿದು ಹೊಸದೇನಲ್ಲ. ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋಗಿ: ಕಮ್ಮಾರ, ಬಡಿಗೇರ, ಹೂಗಾರ, ಅಂಗಡಿ ಸಾಲಾಗಿ ಸಿಗ್ತಾರೆ. ಹೊಳೆಯಾಚೆ ಆಗ ಮುಂಬಯಿ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಆಚೆ ಅಡ್ಡಹೆಸರಿನ ರೂಢಿ ಹೆಚ್ಚು, ಈಚೆ ದಾವಣಗೆರೆ ಕಡೆ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ಲೇ ಹೆಚ್ಚು.

ಊರಿನಿಂದ ಬಂದ ಹೆಸರುಗಳೂ ಅಷ್ಟೇ. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಅಡೆನಾವರ್ ಹೆಸರಿನ ಹಿಂದೆ ಅಡೆನೌ ಅನ್ನೋ ಊರಿದೆ. ಹರಿಹರದವರು ಇದನ್ನು ಥಟ್ಟನೆ ಹಿಡೀತಾರೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರು ಮಾಡಿದ ಮನೆತನದ ಮೂಲ ಕೊಂಕಣದ ಕಿರ್ಲೋಸಿ. ಜರ್ಮನ್ನರ ‘ಅರ್’, ಮರಾಠಿಯ ‘ಕರ್’, ಎರಡೂ ಹೇಳೋದು ‘ಆ ಊರಿನವರು’ ಅಂತಲೇ.

ಇನ್ನೊಂದು ಸ್ವಾರಸ್ಯ ಇದೆ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರಿಸಿಯಾದಲ್ಲಿ. ಆ ಸೀಮೆಯ ಹಳ್ಳಿಗರಲ್ಲಿ ತುಂಬಾ ಜನಕ್ಕೆ ಮನೆತನದ ಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೇ ಹೆಸರು, ತಲೆಮಾರು ಬದಲಾದರೆ ಅದೂ ಬದಲು. ಥೇಟ್ ನಮ್ಮ ಇನಿಷಿಯಲ್! 1811ರಲ್ಲಿ ನೆಪೋಲಿಯನ್ನನ ಆಡಳಿತ ಆಜ್ಞೆ ಹೊರಡಿಸಿತು: ಎಲ್ಲರೂ ಒಂದು ಕಾಯಂ ಅಡ್ಡಹೆಸರು ಬರೆಸಬೇಕು. ತೆರಿಗೆಗೆ, ಸೈನ್ಯಕ್ಕೆ ಜನರ ಲೆಕ್ಕ ಸಿಗಬೇಕಲ್ಲ. ಜನ ಸುಲಭಕ್ಕೆ ಬಗ್ಗಲಿಲ್ಲ. ಹಳೇ ಪದ್ಧತಿ ಮುಂದೆಯೂ ಬಹಳ ಕಾಲ ಉಳಿಯಿತು.

ಆ ಆಜ್ಞೆ ಇವತ್ತು ನಮ್ಮ ಕೈಗೆ ಪಾಸ್‌ಪೋರ್ಟ್ ಫಾರಂ ಆಗಿ ಬಂದಿದೆ. ‘ಸರ್‌ನೇಮ್’ ಕಾಲಂ ಖಾಲಿ ಬಿಡೋದು ಬೇಡ ಅಂತ ದಾವಣಗೆರೆಯ ಹುಡುಗ ಅಪ್ಪನ ಹೆಸರು ತುಂಬ್ತಾನೆ. ಮ್ಯೂನಿಕ್‌ನ ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಮಿಸ್ಟರ್ ಬಸವರಾಜಪ್ಪ’ ಅಂತಾರೆ. ಇವನು ಅಪ್ಪನನ್ನೇ ಯಾರೋ ಕರೆದರೇನೋ ಅಂತ ತಿರುಗಿ ನೋಡ್ತಾನೆ. ಅಲ್ಲೇ ಮಗಳು ಹುಟ್ಟಿದರೆ ಆಕೆಯೂ ಬಸವರಾಜಪ್ಪ. ಒಂದು ಕಾಲಂ ತುಂಬಿದ ಮಾತ್ರಕ್ಕೆ ಅಜ್ಜ ಒಂದು ಮನೆತನದ ಮೂಲಪುರುಷ ಆಗಿಬಿಡ್ತಾರೆ. ಹಾಗಾಗಿ ಫಾರಂ ತುಂಬೋ ಮುಂಚೆ ಮನೆಯಲ್ಲಿ ಒಂದ್ಸಲ ಕೂತು ಮಾತಾಡಿ. ನೀವು ಅಲ್ಲಿ ಬರೆಯೋದು ನಿಮ್ಮೊಬ್ಬರ ಹೆಸರಲ್ಲ.